ಜೋಡಿ ಓದು ಕಲಿಸಿದ ಮೇಡಂ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದೆ. ಆಷಾಢದ ಗಾಳಿ ಜೋರಾಗಿತ್ತು. ಫೋನ್ ಮಾಡಿದ್ದು ಅವರ ಪಕ್ಕದ ಮನೆಯಾಕೆ. "ನಿಮ್ ನಂಬರ್ ಗೋಡೆ ಕ್ಯಾಲೆಂಡರ್ ಮೇಲೆ ಬರ್ದಿಟ್ಟಿದ್ರು ಸಾರ್. ಅದಕ್ಕೇ ಮಾಡ್ದೆ. ನೀವು ಅವ್ರಿಗೆ ಏನಾಗ್ಬೇಕು?" ಎಂದು ಕೇಳಿದರು.

ನಾನು ಅವರಿಗೆ ಏನಾಗಬೇಕು? ನೆಂಟನಲ್ಲ. ಒಂದೇ ಆಫೀಸಿನಲ್ಲಿ ಕೆಲಸ ಮಾಡಿದವನೂ ಅಲ್ಲ. "ಒಟ್ಟಿಗೆ ಓದ್ತಿದ್ವಿ" ಅಂದೆ. ಆಕೆಗೆ ಏನು ಅರ್ಥವಾಯಿತೋ ಗೊತ್ತಿಲ್ಲ. "ಬೇಗ ಬನ್ನಿ" ಎಂದಷ್ಟೇ ಹೇಳಿದರು.

ನಮ್ಮದು ಒಂದು ಸಣ್ಣ ಗುಂಪು. ಪತ್ರ ಬರೆಯುವುದಕ್ಕೆ, ಲೆಕ್ಕ ಹಾಕುವುದಕ್ಕೆ ಬಳಸುವ ಒಂದು ಮುಕ್ತ ತಂತ್ರಾಂಶವನ್ನು ಕನ್ನಡಕ್ಕೆ ತರುವವರು. ಅದನ್ನು ಯಾವ ಕಂಪನಿಯೂ ಮಾರುವುದಿಲ್ಲ. ಊರೂರಿನ ಜನ ಬಿಡುವಿನಲ್ಲಿ ಕಟ್ಟುತ್ತಾರೆ, ಯಾರು ಬೇಕಾದರೂ ತಿದ್ದಬಹುದು. ಪರದೆಯ ಮೇಲೆ ಬರುವ ಪ್ರತಿಯೊಂದು ಮಾತನ್ನೂ ಯಾರಾದರೂ ಕೂತು ಕನ್ನಡದಲ್ಲಿ ಬರೆಯಬೇಕು. ಹತ್ತು ಹನ್ನೆರಡು ವರ್ಷಗಳಿಂದ ಆ ಕೆಲಸದ ಹೊಣೆ ನನ್ನ ಮೇಲಿದೆ. ಅದರಿಂದ ನನಗೆ ಸ್ವಲ್ಪ ಜಂಬವೂ ಇತ್ತು.

ಕೊರೊನಾ ಬಂದು ಎಲ್ಲರೂ ಮನೆಯಲ್ಲಿ ಕೂತಿದ್ದ ಕಾಲದಲ್ಲಿ ಮೇಡಂ ಅವರಿಂದ ಮೊದಲ ಮಿಂಚಂಚೆ ಬಂತು. ವಿಷಯ ಎಂಬಲ್ಲಿ ಒಂದೇ ಪದ: ತಪ್ಪು. ಒಳಗೆ ಹೀಗಿತ್ತು: "ಮಾನ್ಯರೇ, ತಮ್ಮ ತಂತ್ರಾಂಶದಲ್ಲಿ 'ಪುಟ ಅಂಚು' ಎಂದಿರುವುದು 'ಪುಟದ ಅಂಚು' ಎಂದಾಗಬೇಕು. 'ಮುದ್ರಿಸು' ಎಂಬುದು ಏಕವಚನವಾದರೂ ಯಂತ್ರಕ್ಕೆ ಹೇಳುವ ಮಾತಾದ್ದರಿಂದ ಇರಲಿ. 'ಅಮಾನ್ಯ ಆದಾನ, ಕಾರ್ಯಾಚರಣೆ ಸ್ಥಗಿತಗೊಂಡಿದೆ' ಎಂಬುದನ್ನು ಯಾರು ಬರೆದರು?"

ಬರೆದವನು ನಾನೇ. ಬಿಗುಮಾನದಿಂದಲೇ ಉತ್ತರಿಸಿದೆ. ನಮ್ಮ ಶನಿವಾರದ ಆನ್‌ಲೈನ್ ಸಭೆಗೆ ಬಂದು ಚರ್ಚಿಸಬಹುದು ಅಂತ ಲಿಂಕು ಕಳಿಸಿದೆ. ಬರುವುದಿಲ್ಲ ಎಂದುಕೊಂಡಿದ್ದೆ. ಶನಿವಾರ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಬಂದರು. ಕ್ಯಾಮೆರಾ ಹಾಕಲಿಲ್ಲ. ಕಪ್ಪು ಚೌಕದ ಒಳಗಿನಿಂದ ಒಂದು ತೆಳುವಾದ, ಸ್ಪಷ್ಟವಾದ ದನಿ ಕೇಳಿಸಿತು.

"ಆ ಅಮಾನ್ಯ ಆದಾನ ಓದ್ದೋವ್ರು ಏನ್ ಮಾಡ್ತಾರೆ ಗೊತ್ತಾ ಸಾರ್? ಕಂಪ್ಯೂಟರ್ ಆಫ್ ಮಾಡಿ ಎದ್ದು ಹೋಗ್ತಾರೆ. ಅವ್ರು ಏನ್ ತಪ್ಪು ಮಾಡಿದ್ದಾರೆ?"

"ಅಂಕಿ ಬರೀಬೇಕಾದ ಕಡೆ ಅಕ್ಷರ ಬರೆದ್ರೆ ಆ ಸಂದೇಶ ಬರತ್ತೆ ಮೇಡಂ."

"ಹಾಗಾದ್ರೆ ಅದನ್ನೇ ಹೇಳಿ. 'ಇಲ್ಲಿ ಅಂಕಿಗಳನ್ನು ಮಾತ್ರ ಬರೆಯಿರಿ.' ಮನೆಗೆ ಬಂದೋವ್ರು ತಪ್ಪಿ ಅಡುಗೆಮನೆಗೆ ಹೋದ್ರೆ ಬಚ್ಚಲು ಆ ಕಡೆ ಅಂತ ತೋರಿಸ್ತೀರಲ್ವಾ? ಅಮಾನ್ಯ ಅಂತೀರಾ?"

ಗುಂಪಿನವರೆಲ್ಲ ನಕ್ಕರು. ನಾನೂ ನಗಬೇಕಾಯಿತು.

ಅವರು ರಾಜಾಜಿನಗರದ ಒಂದು ಮುದ್ರಣಾಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪ್ರೂಫ್ ತಿದ್ದುತ್ತಿದ್ದವರು. ಮುದ್ರಣಾಲಯ ಮುಚ್ಚಿದ ಮೇಲೆ ಅತ್ತಿಗುಪ್ಪೆಯ ಮನೆಯಲ್ಲಿ ಅಣ್ಣನ ಜೊತೆ ಇದ್ದರು. ಇಬ್ಬರೂ ಮದುವೆಯಾಗಿರಲಿಲ್ಲ. ಇದಿಷ್ಟನ್ನೂ ನಾವು ಕೇಳಿ ಕೇಳಿ ತಿಳಿದುಕೊಂಡದ್ದು. ತಮ್ಮ ವಿಷಯ ಬಂದರೆ ಅವರ ಮಾತು ಒಂದು ಸಾಲಿಗೆ ಮುಗಿಯುತ್ತಿತ್ತು. ತಂತ್ರಾಂಶದಲ್ಲಿ ಕೆಲಸ ಮಾಡಿದವರ ಪಟ್ಟಿಗೆ ಹೆಸರು ಸೇರಿಸುತ್ತೇನೆ ಅಂದಾಗಲೂ ಬೇಡ ಎಂದರು. "ಪ್ರೂಫ್ ನೋಡಿದೋವ್ರ ಹೆಸರು ಪುಸ್ತಕದಲ್ಲಿ ಯಾರ್ ಹಾಕ್ತಾರೆ? ತಪ್ಪು ಉಳಿದ್ರೆ ಮಾತ್ರ ನಮ್ಮನ್ನ ನೆನೆಸ್ಕೊಳ್ಳೋದು." ಆ ಕಾರಣಕ್ಕೇ ನಾನು ಇಲ್ಲಿಯೂ ಅವರ ಹೆಸರು ಬರೆಯುತ್ತಿಲ್ಲ.

ಜೋಡಿ ಓದನ್ನು ನಮಗೆ ಕಲಿಸಿದವರು ಅವರು. ಹಿಂದೆ ಮುದ್ರಣಾಲಯಗಳಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರಂತೆ, ಇನ್ನೊಬ್ಬರು ಪ್ರೂಫಿನ ಮೇಲೆ ಪೆನ್ಸಿಲ್ ಇಟ್ಟುಕೊಂಡು ಹಿಂಬಾಲಿಸುತ್ತಿದ್ದರಂತೆ. ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಬಾಯಲ್ಲಿ ಹೇಳಬೇಕು. "ಕಣ್ಣು ಸುಳ್ಳು ಹೇಳತ್ತೆ. ಇರಬೇಕಾದ್ದನ್ನ ತಾನೇ ಸೇರಿಸ್ಕೊಂಡು ಓದ್ಬಿಡತ್ತೆ. ಕಿವಿಗೆ ಆ ಜಾಣತನ ಇಲ್ಲ" ಎನ್ನುತ್ತಿದ್ದರು. ಅಂದಿನಿಂದ ಶನಿವಾರದ ಸಭೆಯಲ್ಲಿ ನಾವು ಸರದಿಯ ಮೇಲೆ ಓದತೊಡಗಿದೆವು, ಅವರು ಕೇಳುತ್ತಿದ್ದರು. ನಾನು ವರ್ಷಗಳಿಂದ ನೋಡಿದ್ದ ಸಾಲುಗಳಲ್ಲಿ ಎಷ್ಟೊಂದು ತಪ್ಪಿತ್ತು ಎಂಬುದು ಗೊತ್ತಾಗಿದ್ದು ಆಗಲೇ.

ಓದುತ್ತಿರುವಾಗ ಕೆಲವೊಮ್ಮೆ ಅವರ ಕಡೆಯಿಂದ ಸ್ಟೀಲ್ ತಟ್ಟೆಯ ಮೇಲೆ ಚಮಚ ಬಡಿದ ಸದ್ದು ಬರುತ್ತಿತ್ತು. "ಬಂದೆ ಅಣ್ಣ" ಎಂದು ಮೈಕ್ ಮುಚ್ಚಿ ಹೋಗುತ್ತಿದ್ದರು. ಐದು ನಿಮಿಷಕ್ಕೋ ಹತ್ತು ನಿಮಿಷಕ್ಕೋ ಬಂದು, "ಎಲ್ಲಿದ್ವಿ? 'ಉಳಿಸಿ' ಅನ್ನೋದರ ಹತ್ರ ಅಲ್ವಾ?" ಎಂದು ಸರಿಯಾಗಿ ಅಲ್ಲಿಂದಲೇ ಹಿಡಿಯುತ್ತಿದ್ದರು. ಅಣ್ಣನಿಗೆ ಆರೋಗ್ಯ ಸರಿಯಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಎಷ್ಟು ಸರಿಯಿಲ್ಲ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ಕೊರೊನಾ ಹಿಂದೆ ಸರಿದು ಆಫೀಸು, ಮದುವೆಮನೆ ಎಲ್ಲ ಮೊದಲಿನಂತಾದ ಮೇಲೆ ನಮ್ಮ ವಾರ್ಷಿಕ ಸಮ್ಮೇಳನವನ್ನೂ ಮತ್ತೆ ಎದುರಾಬದುರು ಕೂತು ಮಾಡೋಣ ಎಂಬ ಮಾತು ಬಂತು. ರಾಜ್ಯದ ಬೇರೆ ಬೇರೆ ಕಡೆಯಿಂದ ಮುಕ್ತ ತಂತ್ರಾಂಶದ ಗೆಳೆಯರು ಸೇರುವ ಎರಡು ದಿನದ ಸಮ್ಮೇಳನ ಅದು. ಅದಕ್ಕಾಗಿ ನಾನು ಹಾತೊರೆಯುತ್ತಿದ್ದೆ. ಪರದೆ ನೋಡಿ ನೋಡಿ ಬೇಸತ್ತಿದ್ದೆ. ಚಹಾ ಹಿಡಿದು ಮೂಲೆಯಲ್ಲಿ ನಿಂತು ಜಗಳವಾಡುವ ಸುಖ ಬೇಕಾಗಿತ್ತು.

ಯೋಜನೆಯ ಸಭೆಯಲ್ಲಿ ನನ್ನ ಗೆಳೆಯ ಮಂಜು ಕೇಳಿದ, "ಬರಕ್ಕಾಗದೇ ಇರೋರಿಗೆ ಆನ್‌ಲೈನ್ ಲಿಂಕ್ ಇಡೋಣ್ವಾ ಗುರು?"

"ಬೇಡ ಮಗಾ. ಲಿಂಕ್ ಕೊಟ್ರೆ ಯಾರೂ ಬರಲ್ಲ. ಮನೇಲಿ ಬನಿಯನ್ ಹಾಕ್ಕೊಂಡು ಕೂತು ನೋಡ್ತಾರೆ. ಮೈಕು, ಕ್ಯಾಮೆರಾ ಅಂತ ನಮ್ ಪ್ರಾಣ ಹೋಗತ್ತೆ. ಸೇರೋದಾದ್ರೆ ಪೂರ್ತಿ ಸೇರೋಣ" ಅಂದೆ. ಶನಿವಾರದ ಆನ್‌ಲೈನ್ ಸಭೆಯನ್ನೂ ನಿಲ್ಲಿಸಿ, ತಿಂಗಳಿಗೊಮ್ಮೆ ಮಂಜುವಿನ ಆಫೀಸಿನಲ್ಲಿ ಸೇರುವುದೆಂದೂ ಸೇರಿಸಿದೆ. ಎಲ್ಲರೂ ಹೂಂ ಎಂದರು. ಆಮೇಲೆ ನೆನಪಾಗಿ, "ಮೇಡಂ, ನೀವೇನಂತೀರಿ?" ಎಂದು ಕೇಳಿದೆ.

ಅವರು ಮೈಕ್ ತೆರೆದ ಸದ್ದಾಯಿತು. ಆಮೇಲೆ, "ಮಾಡಿ ಸಾರ್. ಮುಖ ನೋಡಿ ಮೂರು ವರ್ಷ ಆಯ್ತಲ್ಲ. ಎಲ್ಲಾ ಸೇರಿ" ಎಂದರು.

ಸೇರೋಣ ಅನ್ನಲಿಲ್ಲ. ಸೇರಿ ಎಂದರು. ಪದಗಳನ್ನು ತೂಗಿ ಆಡುವ ಹೆಂಗಸು. ಆ ವ್ಯತ್ಯಾಸ ನನ್ನ ಕಿವಿಗೆ ಬೀಳಬೇಕಿತ್ತು. ಅದನ್ನು ನಾನು ಒಪ್ಪಿಗೆ ಎಂದು ಬರೆದುಕೊಂಡೆ.

ಸಮ್ಮೇಳನ ನಡೆದದ್ದು ವಿಜಯನಗರದಲ್ಲಿ, ಮಾರುಕಟ್ಟೆಗೆ ಹತ್ತಿರವಿದ್ದ ಒಂದು ಸಭಾಂಗಣದ ಮೊದಲ ಮಹಡಿಯಲ್ಲಿ. ಹೊರಗೆ ಹೂವಿನವರ ಕೂಗು, ಬಸ್ಸಿನ ಹಾರನ್ನು. ಒಳಗೆ ನಾವು. ಧಾರವಾಡದ ಗೆಳೆಯನೊಬ್ಬ ನನ್ನನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಕೊರೊನಾದಲ್ಲಿ ತಂದೆಯನ್ನು ಕಳೆದುಕೊಂಡ ವಿಷಯವನ್ನು ಅವನು ನನಗೆ ಅಲ್ಲಿಯವರೆಗೆ ಹೇಳಿರಲಿಲ್ಲ. "ಪರದೇದಾಗ ಹೆಂಗ ಹೇಳ್ಲಿ?" ಎಂದ. ಸೇರಿದ್ದು ಸಾರ್ಥಕವಾಯಿತು ಅನ್ನಿಸಿತು. ಆ ಮಾತು ಈಗಲೂ ಸುಳ್ಳಲ್ಲ.

ಎರಡನೆಯ ದಿನ ಹನ್ನೊಂದರ ಹೊತ್ತಿಗೆ ನಾನು ಮುಂದಿನ ಭಾಷಣಕಾರರನ್ನು ಹುಡುಕುತ್ತ ಬಾಗಿಲ ಕಡೆ ಓಡುತ್ತಿದ್ದೆ. ತಿಳಿಹಸಿರು ಕಾಟನ್ ಸೀರೆ ಉಟ್ಟ, ಗಿಡ್ಡನೆಯ, ಅರವತ್ತರ ಹತ್ತಿರದ ಒಬ್ಬ ಹೆಂಗಸು ಬಟ್ಟೆ ಚೀಲ ಹಿಡಿದು ಬಾಗಿಲ ಪಕ್ಕದಲ್ಲಿ ನಿಂತಿದ್ದರು. ನನ್ನ ಎದೆಯ ಮೇಲಿದ್ದ ಹೆಸರಿನ ಚೀಟಿಯನ್ನು ಓದಿ, ಮುಖ ನೋಡಿ, "ಇಲ್ಲಿ ಕೂತ್ಕೋಬಹುದಾ?" ಎಂದು ಮೆಲ್ಲಗೆ ಕೇಳಿದರು.

"ಕೂತ್ಕೊಳ್ಳಿ ಆಂಟಿ. ಮಗ ಬಂದಿದ್ದಾನಾ? ಊಟ ಒಂದು ಗಂಟೆಗೆ" ಎಂದೆ. ಓಡಿದೆ.

ಅವರು ಏನೋ ಹೇಳಲು ಬಾಯಿ ತೆರೆದದ್ದು ಈಗ ನೆನಪಾಗುತ್ತದೆ. ಕೊನೆಯ ಸಾಲಿನಲ್ಲಿ ಕೂತಿದ್ದರು. ಊಟದ ಹೊತ್ತಿಗೆ ಆ ಕುರ್ಚಿ ಖಾಲಿ ಇತ್ತು. ನಾನು ಗಮನಿಸಿದೆ, ಮರೆತೆ.

ಮಂಗಳವಾರ ಮೇಡಂ ಅವರಿಂದ ಮಿಂಚಂಚೆ ಬಂತು. "ಸಮ್ಮೇಳನ ಚೆನ್ನಾಗಿ ನಡೆಯಿತು. ಅಕ್ಷರ ವಿನ್ಯಾಸದ ಬಗ್ಗೆ ಮಾತಾಡಿದ ಹುಡುಗಿ ಬಹಳ ಚೆನ್ನಾಗಿ ವಿವರಿಸಿದಳು. ವೇದಿಕೆಯ ಬ್ಯಾನರಿನಲ್ಲಿ 'ಸ್ವಾತಂತ್ರ' ಎಂದು ಎರಡು ಕಡೆ ಇದೆ. 'ಸ್ವಾತಂತ್ರ್ಯ' ಎಂದಾಗಬೇಕು. ಮುಂದಿನ ವರ್ಷ ಅದೇ ಬ್ಯಾನರ್ ಬಳಸುವುದಾದರೆ ತಿದ್ದಿಸಿ."

ಆಫೀಸಿನಲ್ಲಿ ಕೂತು ಅದನ್ನು ಓದಿದೆ. ಮತ್ತೆ ಓದಿದೆ. ಲಿಂಕ್ ಇರಲಿಲ್ಲ ಅಂದ ಮೇಲೆ ಅವರು ಬಂದಿರಲೇಬೇಕು, ಬಾಗಿಲ ಪಕ್ಕದ ತಿಳಿಹಸಿರು ಸೀರೆ ನೆನಪಾಯಿತು. ಮೂರು ವರ್ಷ, ಪ್ರತಿ ಶನಿವಾರ, ಎರಡೆರಡು ಗಂಟೆ ಹೊತ್ತು ಕಿವಿಯಲ್ಲೇ ಇಟ್ಟುಕೊಂಡಿದ್ದ ದನಿ ಎದುರಿಗೆ ಬಂದು ನಿಂತು ಮಾತಾಡಿಸಿದಾಗ ನನಗೆ ಗುರುತು ಸಿಕ್ಕಿರಲಿಲ್ಲ. ಊಟದ ಸಮಯ ಹೇಳಿ ಕಳಿಸಿದ್ದೆ. ನಾಚಿಕೆಗೆ ಗುಂಪಿನಲ್ಲಿ ಯಾರಿಗೂ ಹೇಳಲಿಲ್ಲ. ಮನೆಯ ವಿಳಾಸ ಕೇಳಿ ಅವರಿಗೆ ಬರೆದೆ. ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಬರೀ ವಿಳಾಸ ಬಂತು.

ಶನಿವಾರ ಮಧ್ಯಾಹ್ನ ಹೋದೆ. ಅತ್ತಿಗುಪ್ಪೆಯ ಒಳರಸ್ತೆಯಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ. ಬಾಗಿಲು ತೆರೆದವರು ಅದೇ ಹಸಿರು ಸೀರೆಯವರು.

"ಬನ್ನಿ ಸಾರ್. ಮೆಟ್ಟಿಲ ಹತ್ರ ಹುಷಾರು."

"ಮೇಡಂ, ಅವತ್ತು ನಾನು…"

"ನೀವು ಕೆಲಸದಲ್ಲಿದ್ರಿ. ಒಳಗೆ ಬನ್ನಿ ಮೊದಲು."

ಮುಂಗೋಣೆಯಲ್ಲಿ ಮಂಚದ ಮೇಲೆ ಅವರ ಅಣ್ಣ ದಿಂಬಿಗೆ ಒರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎಡಗೈಯ ಹತ್ತಿರ ತಟ್ಟೆ, ಚಮಚ. ಪಾರ್ಶ್ವವಾಯು ಆಗಿ ಏಳು ವರ್ಷ. ಮಾತು ಹೋಗಿತ್ತು, ಕಿವಿ, ಬುದ್ಧಿ ಚುರುಕಾಗಿದ್ದವು. ಅವರನ್ನು ಒಬ್ಬರನ್ನೇ ಬಿಟ್ಟು ಬೀದಿಯ ತುದಿಯ ಅಂಗಡಿಗೆ ಹೋಗುವುದೂ ಕಷ್ಟ. ಸಮ್ಮೇಳನದ ದಿನ ಪಕ್ಕದ ಮನೆಯಾಕೆ ಒಂದೂವರೆ ಗಂಟೆ ಕೂರುತ್ತೇನೆ ಎಂದಿದ್ದರಂತೆ. ವಿಜಯನಗರಕ್ಕೆ ನಡೆದು ಬಂದು, ನಲವತ್ತು ನಿಮಿಷ ಕೂತು, ನಡೆದು ವಾಪಸಾಗಿದ್ದರು.

"ನೀವು ಹೇಳ್ಬೇಕಿತ್ತು ಮೇಡಂ. ಲಿಂಕ್ ಇಡ್ತಿದ್ವಿ."

ಅವರು ನನ್ನನ್ನು ನೇರವಾಗಿ ನೋಡಿದರು. "ಎಲ್ರೂ ಅಷ್ಟು ಖುಷಿಯಾಗಿದ್ರಿ. ನನ್ನೊಬ್ಬಳಿಗೋಸ್ಕರ ಹ್ಯಾಗೆ ಕೇಳ್ಲಿ? ನಮಗೂ ಅಭಿಮಾನ ಇರತ್ತಲ್ಲ ಸಾರ್." ಮುಂದುವರಿಸಿದರು, "ಕೋಪ ಬಂದಿತ್ತು. ಇಲ್ಲ ಅಂದ್ರೆ ಸುಳ್ಳಾಗತ್ತೆ. ನಾಲ್ಕು ದಿನ ಬೇಕಾಯ್ತು ವಿಳಾಸ ಕಳ್ಸಕ್ಕೆ. ಶನಿವಾರ ಮಧ್ಯಾಹ್ನ ಈಗ ಬಹಳ ಉದ್ದ ಆಗ್ಬಿಟ್ಟಿದೆ."

ಕಾಫಿ ಕೊಟ್ಟರು. ಆಮೇಲೆ ಅವರೇ ಕೇಳಿದರು, "ಓದಕ್ಕೆ ಏನಾದ್ರೂ ತಂದಿದ್ದೀರಾ?"

ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತು. ಹೊಸದಾಗಿ ಬಂದಿದ್ದ ಸಹಾಯ ಪುಟಗಳನ್ನು ತೆರೆದೆ. ಅವರು ತಮ್ಮ ಹಳೆಯ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದುಕೊಂಡು, ಅಭ್ಯಾಸಕ್ಕೆಂಬಂತೆ ಕೈಯಲ್ಲಿ ಒಂದು ಪೆನ್ಸಿಲ್ ಹಿಡಿದು ಕೂತರು. ನಾನು ಓದತೊಡಗಿದೆ. ಅಲ್ಪವಿರಾಮ, ಪೂರ್ಣವಿರಾಮ. ಅರ್ಧ ಗಂಟೆಯಾಗಿರಬೇಕು. ತಟ್ಟೆಯ ಮೇಲೆ ಟಣ್ ಎಂದು ಸದ್ದಾಯಿತು.

ನಾನು ನಿಲ್ಲಿಸಿದೆ. "ಏನೋ ಬೇಕಂತೆ" ಅಂದೆ.

ಅವರು ಅಣ್ಣನ ಮುಖ ನೋಡಿದರು. ಏಳಲಿಲ್ಲ. "ಇಲ್ಲ. ಆ ಸಾಲು ಇನ್ನೊಂದ್ಸಲ ಓದಿ" ಎಂದರು.

ಓದಿದೆ. "ಆಯ್ಕೆ ಮಾಡಿದ ಪುಟಗಳನ್ನು ಮಾತ್ರ ಮುದ್ರಿಸಲಾಗುತ್ತದೆ." ಮತ್ತೆ ಟಣ್. ಪುಟಗಳನ್ನು ಎಂಬಲ್ಲಿ.

ಮೇಡಂ ಪರದೆ ನೋಡಿದರು. ಅಲ್ಲಿ "ಪುಟಗಳು" ಎಂದಿತ್ತು. ನಾನು ಓದುವಾಗ ನನಗೆ ಗೊತ್ತಿಲ್ಲದೆಯೇ ಸರಿಮಾಡಿ ಓದಿದ್ದೆ. ಪರದೆ ಅಣ್ಣನಿಗೂ ಕಾಣುವಂತಿತ್ತು. ನಾನು ಓದಿದ್ದಕ್ಕೂ ಅಲ್ಲಿದ್ದದ್ದಕ್ಕೂ ಹೊಂದುತ್ತಿಲ್ಲ ಎಂಬುದನ್ನು ಅವರು ಹಿಡಿದಿದ್ದರು.

"ಇಬ್ರೂ ಒಂದೇ ಪ್ರೆಸ್ಸಲ್ಲಿ ಇದ್ವಿ. ಅಣ್ಣ ಮೊದಲು ಅಚ್ಚಿನ ಮೊಳೆ ಜೋಡಿಸ್ತಿದ್ದ, ಆಮೇಲೆ ಕಂಪ್ಯೂಟರ್ ಕಲಿತ. ಇಪ್ಪತ್ತು ವರ್ಷ ನನಗೆ ಓದಿ ಹೇಳ್ತಿದ್ದೋನು ಇವನೇ. ಮಾತು ಹೋದ್ಮೇಲೆ ನಾನು ಯಾರ ಹತ್ರಾನೂ ಜೋಡಿ ಓದಿರ್ಲಿಲ್ಲ. ನಿಮ್ಮ ಸಭೆ ಸಿಗೋವರೆಗೂ."

ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ಮೇಡಂ ಎದ್ದು ಹೋಗಿ ಸೆರಗಿನಿಂದ ಒರೆಸಿ ಬಂದು ಕೂತರು. "ಮುಂದೆ ಓದಿ" ಎಂದರು.

ಮರುದಿನವೇ ಮಂಜುವಿಗೆ ಎಲ್ಲ ಹೇಳಿದೆ. ಆಂಟಿ ಎಂದದ್ದನ್ನೂ ಹೇಳಿದೆ. ಅವನು ಬಯ್ಯಲಿಲ್ಲ. "ನಾವೆಲ್ಲಾ ಹೂಂ ಅಂದ್ವಲ್ಲ ಗುರು" ಎಂದ. ಆಮೇಲೆ ತಿಂಗಳ ಸಭೆ ಅತ್ತಿಗುಪ್ಪೆಯ ಆ ಮುಂಗೋಣೆಗೆ ಬಂತು. ಉಳಿದ ಶನಿವಾರಗಳಲ್ಲಿ ಆನ್‌ಲೈನ್ ಮತ್ತೆ ಶುರುವಾಯಿತು. ಆರು ಜನ ಕೂರುವ ಜಾಗದಲ್ಲಿ ಒಂಬತ್ತು ಜನ ಚಾಪೆಯ ಮೇಲೆ ಕೂರುತ್ತಿದ್ದೆವು.

ಅವರನ್ನು ಮೆದು ಸ್ವಭಾವದವರು ಎಂದು ಬರೆದರೆ ತಪ್ಪಾಗುತ್ತದೆ. ಲಗ್ಗೆರೆಯಿಂದ ಬರುತ್ತಿದ್ದ ರೂಪಾ, ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ, ಒಮ್ಮೆ ಇವರ ಮಾತಿಗೆ ಕಣ್ಣೀರು ಹಾಕಿಕೊಂಡಿದ್ದಳು. "ಅವಸರ ಇದ್ರೆ ಬೇರೆ ಕೆಲಸ ನೋಡ್ಕೊಳ್ಳಿ" ಎಂದುಬಿಟ್ಟಿದ್ದರು. ಕ್ಷಮೆ ಕೇಳಲಿಲ್ಲ. ಮುಂದಿನ ಸಲ ರೂಪಾಳನ್ನು ತಮ್ಮ ಪಕ್ಕ ಕೂರಿಸಿಕೊಂಡು ತಮ್ಮ ಹಳೆಯ ನಿಘಂಟನ್ನು ಅವಳ ಮಡಿಲಲ್ಲಿಟ್ಟರು, ಅಷ್ಟೆ. ಅದೇ ರೂಪಾ ಅವರನ್ನು ಒಮ್ಮೆ ಸೋಲಿಸಿದಳು. "ಕಡತ" ಅಂತಲೇ ಇರಬೇಕು ಎಂದು ಮೇಡಂ ಹಟ ಹಿಡಿದಿದ್ದರು.

"ನಮ್ ಆಫೀಸಲ್ಲಿ ಎಲ್ಲಾ ಫೈಲ್ ಅಂತಾರೆ ಮೇಡಂ. ಕಡತ ಅಂದ್ರೆ ಹುಡುಕ್ತಾ ಕೂತಿರ್ತಾರೆ" ಎಂದಳು ರೂಪಾ.

ಮೂರು ವಾರ ಚರ್ಚೆ ನಡೆಯಿತು. ನಾಲ್ಕನೆಯ ವಾರ ಮೇಡಂ ತಾವೇ ಹೇಳಿದರು, "ಹಾಲಿನೋನು, ಪಕ್ಕದ ಮನೆಯೋವ್ರು, ಅಣ್ಣನ ಡಾಕ್ಟ್ರು, ಎಲ್ರನ್ನೂ ಕೇಳ್ದೆ. ಡಾಕ್ಟ್ರು ಒಬ್ರಿಗೆ ಮಾತ್ರ ಕಡತ ಗೊತ್ತಿತ್ತು. ರೂಪಾ ಹೇಳಿದ್ದೇ ಸರಿ. ಬದಲಾಯಿಸಿ." ಇಷ್ಟು ಸಲೀಸಾಗಿ ಸೋಲೊಪ್ಪಿಕೊಂಡವರನ್ನು ನಾನು ನಮ್ಮ ಸಮ್ಮೇಳನಗಳಲ್ಲಿ ಕಂಡಿಲ್ಲ. ನಾನಂತೂ ಒಪ್ಪಿಕೊಂಡವನಲ್ಲ.

ಹೀಗೆ ಒಂದೂವರೆ ವರ್ಷ ಸಿಕ್ಕಿತು.

ಫೋನ್ ಬಂದ ಆ ದಿನ ಮೆಟ್ರೊ ಬಿಟ್ಟು ಆಟೊ ಹಿಡಿದು ಹೋದೆ. ಬೆಳಿಗ್ಗೆ ಮೇಡಂ ಅಡುಗೆಮನೆಯಲ್ಲಿ ಕುಸಿದು ಬಿದ್ದಿದ್ದರು. ಹೃದಯಾಘಾತ. ಅಣ್ಣ ಮಂಚದ ಮೇಲಿಂದ ತಟ್ಟೆ ಬಡಿದಿದ್ದಾರೆ. ಯಾರೂ ಬಾರದಿದ್ದಾಗ ನಿಲ್ಲಿಸದೆ ಬಡಿದಿದ್ದಾರೆ. ಪಕ್ಕದ ಮನೆಯಾಕೆ ಬಂದು ಕಿಟಕಿಯಿಂದ ನೋಡಿ ಬಾಗಿಲು ಒಡೆಸುವ ಹೊತ್ತಿಗೆ ಮುಗಿದಿತ್ತು. ನಾನು ಹೋದಾಗಲೂ ಚಮಚ ಅಣ್ಣನ ಕೈಯಲ್ಲೇ ಇತ್ತು. ಬಿಡಿಸಲು ಹೋದರೆ ಬಿಡಲಿಲ್ಲ. ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಕೆಂಗೇರಿಯಿಂದ ಮೇಡಂ ಅವರ ಸೋದರ ಸೊಸೆ, ಇನ್ನೊಬ್ಬ ಅಣ್ಣನ ಮಗಳು, ಬಂದರು. ಮಂಜು, ರೂಪಾ, ಉಳಿದವರೂ ಬಂದರು. ಚಿತಾಗಾರದಲ್ಲಿ ನೆಂಟರಿಗಿಂತ ನಾವೇ ಹೆಚ್ಚಿದ್ದೆವು. ಅಣ್ಣನನ್ನು ಸೋದರ ಸೊಸೆ ಕೆಂಗೇರಿಗೆ ಕರೆದುಕೊಂಡು ಹೋಗಿದ್ದಾರೆ. ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ರೂಪಾ ಎರಡು ಸಲ ಹೋಗಿ ಬಂದಳು. ಓದಿದರೆ ಕೇಳುತ್ತಾರಂತೆ, ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಾರಂತೆ.

ನಡುವೆ ಒಂದು ವರ್ಷ ಸಮ್ಮೇಳನ ತಪ್ಪಿತ್ತು. ಈ ವರ್ಷದ್ದು ನಡೆದು ಎರಡು ವಾರವಾಯಿತು. ಅದೇ ಸಭಾಂಗಣ. ಆನ್‌ಲೈನ್ ಲಿಂಕ್ ಇರಲೇಬೇಕು ಎಂದು ಈ ಸಲ ವಾದಿಸಿದವನು ನಾನು. ಹಾಗಾದರೆ ನೀನೇ ನೋಡಿಕೋ ಎಂದರು. ಎರಡು ದಿನವೂ ವೇದಿಕೆಯ ಬದಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದೆ. ಮೈಕ್ ಎರಡು ಸಲ ಕೈಕೊಟ್ಟಿತು. ಚಹಾ ತಣ್ಣಗಾಯಿತು. ಜಗಳವಾಡಲು ಬಂದ ಧಾರವಾಡದ ಗೆಳೆಯನಿಗೆ ಆಮೇಲೆ ಬಾ ಎಂದು ಸನ್ನೆ ಮಾಡಿದೆ.

ಹದಿನಾಲ್ಕು ಜನ ಹೊರಗಿನಿಂದ ಸೇರಿಕೊಂಡಿದ್ದರು. ಅವರಲ್ಲಿ ಹಾವೇರಿ ಕಡೆಯ ಒಬ್ಬ ಹೆಂಗಸು, ಕ್ಯಾಮೆರಾ ಹಾಕಿರಲಿಲ್ಲ, ಹಿಂದೆ ಮಗುವಿನ ಅಳು ಕೇಳುತ್ತಿತ್ತು. ಎರಡನೆಯ ದಿನ ವಿರಾಮದ ಹೊತ್ತಿನಲ್ಲಿ ಅವರು ಅಂಜುತ್ತಲೇ ಮಾತಾಡಿದರು.

"ಸರ್, ನನಗ ಬರೇ ವೇದಿಕಿ ಕಾಣಾಕತ್ತೈತ್ರಿ. ಅಲ್ಲೆ ಯಾರ್‍ಯಾರ್ ಅದಾರ್ರಿ?"

ತಂತಿ ಗಿಡ್ಡವಿತ್ತು, ಕ್ಯಾಮೆರಾ ತಿರುಗಿಸಲು ಆಗುತ್ತಿರಲಿಲ್ಲ. ಹಾಗಾಗಿ ಬಾಯಲ್ಲಿ ಹೇಳತೊಡಗಿದೆ. ಮೊದಲ ಸಾಲಿನ ಎಡಗಡೆ ಮಂಜು, ನೀಲಿ ಅಂಗಿ, ಯಾರಿಗೋ ಫೋನ್ ಮಾಡ್ತಿದ್ದಾನೆ. ಅವನ ಹಿಂದೆ ರೂಪಾ, ಮಡಿಲಲ್ಲಿ ದಪ್ಪ ಪುಸ್ತಕ ಇದೆ. ಅವಳ ಪಕ್ಕ ಧಾರವಾಡದ ಗೆಳೆಯ, ನಿದ್ದೆ ಹೊಡೀತಿದ್ದಾನೆ. ಆಕೆ ನಕ್ಕರು. ಒಂದೊಂದೇ ಸಾಲು ದಾಟುತ್ತ ಬಂದೆ. ಗೊತ್ತಿದ್ದವರ ಹೆಸರೆಲ್ಲ ಮುಗಿಯಿತು. ಕಿಟಕಿಯ ಪಕ್ಕ ಬಿಳಿ ಕೂದಲಿನ ಹಿರಿಯರೊಬ್ಬರು ಕೈಕಟ್ಟಿ ಒಬ್ಬರೇ ಕೂತಿದ್ದರು. ಅವರನ್ನು ನಾನು ಮೊದಲು ಕಂಡಿರಲಿಲ್ಲ.

"ಇನ್ನೊಬ್ರು ಇದ್ದಾರೆ. ಅವ್ರ ಹೆಸರು ಗೊತ್ತಿಲ್ಲ. ಒಂದು ನಿಮಿಷ ಇರಿ, ಕೇಳ್ಕೊಂಡು ಬರ್ತೀನಿ" ಎಂದೆ. ಹೆಡ್‌ಫೋನ್ ತೆಗೆದಿಟ್ಟು, ಎದ್ದು ಅವರ ಕಡೆ ನಡೆದೆ.